ಹಗೇವಿಗೆ ಇಳಿಸಿದ ಬೆಳಕು

ಶೀಗಿ ಹುಣ್ಣಿಮೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಯಾರಿಗೂ ಮಧ್ಯಾಹ್ನದ ನಿದ್ದೆಯಿಲ್ಲ. ಮರುದಿನ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗಬೇಕು, ನಿಂತ ಬೆಳೆಯ ನಡುವೆ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಬೇಕು. ಆ ವರ್ಷವೂ ನಾನು ಮುಂಜಾನೆಯೇ ಸಜ್ಜೆ ರೊಟ್ಟಿ ಬಡಿದು ಮುಗಿಸಿದ್ದೆ, ಶೇಂಗಾ ಹಿಂಡಿ ಕುಟ್ಟಿಟ್ಟಿದ್ದೆ, ಊಟವಾದ ಮೇಲೆ ಕರ್ಚಿಕಾಯಿ ಕರಿಯಲು ಕುಸುಬಿ ಎಣ್ಣೆಯ ಬಾಣಲೆ ಇಟ್ಟಿದ್ದೆ. ಹೊರಗೆ ಮಳೆಗಾಲ ಮುಗಿದ ಹದವಾದ ಬಿಸಿಲು. ಅತ್ತೆ ಅಡುಗೆಮನೆಯ ಹೊಸ್ತಿಲ ಬಳಿ ಕಾಲು ಚಾಚಿ ಕುಳಿತು ಕರ್ಚಿಕಾಯಿಯ ಅಂಚು ಮಡಿಚುತ್ತಿದ್ದರು. ಅವರ ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿತ್ತು, ಎದುರಿಗೆ ನಿಂತವರು ಯಾರೆಂದು ದನಿ ಕೇಳಿದ ಮೇಲೆಯೇ ಗೊತ್ತಾಗುತ್ತಿತ್ತು. ಆದರೂ ನಾನು ಒಂದು ಮಡಿಚುವಷ್ಟರಲ್ಲಿ ಅವರು ಮೂರು ಮಡಿಚಿ ತಾಟಿಗೆ ಹಾಕುತ್ತಿದ್ದರು, ಅದೂ ನನ್ನವಕ್ಕಿಂತ ಚೆಂದ. ನನಗೆ ಅದೊಂದು ಸಣ್ಣ ಹೊಟ್ಟೆಕಿಚ್ಚು. ಅವರ ತೊಡೆಗೆ ಬೆನ್ನು ಹಚ್ಚಿಕೊಂಡು ಬೂದು ಬೆಕ್ಕು ಮಲಗಿತ್ತು. ಅಷ್ಟು ಸುಖದ ಹೊತ್ತನ್ನು ನೆನೆಯಲು ನಾನು ಇವತ್ತಿಗೂ ಹೆದರುತ್ತೇನೆ.

ಅಡುಗೆಮನೆಯ ಎದುರಿಗೇ ಪಡಸಾಲೆ. ಅದರ ಮೂಲೆಯಲ್ಲಿ ಹಗೇವು, ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಹಿಸುಕಿಕೊಂಡು ಇಳಿಯುವಷ್ಟು, ಒಳಗೆ ಹೋದರೆ ದೊಡ್ಡ ಗಡಿಗೆಯ ಹಾಗೆ ಅಗಲ, ಆಳ ಎರಡಾಳು. ನಾನು ಮದುವೆಯಾಗಿ ಬಂದಾಗಿನಿಂದ ಅದು ಖಾಲಿ ಬಿದ್ದಿತ್ತು. ಹಿಂದಿನ ವರ್ಷ ಚೀಲದ ಜೋಳಕ್ಕೆಲ್ಲ ನುಸಿ ಹತ್ತಿ, ಅದನ್ನು ಕೇರಿ ಕೇರಿ ನನ್ನ ತೋಳು ಬಿದ್ದುಹೋಗಿ, ನಾನು ಮನೆ ಕಿತ್ತುಹೋಗುವಂತೆ ಜಗಳವಾಡಿದ್ದೆ. ಹಗೇವಿಗೆ ಹಾಕಿದರೆ ಒಂದು ಹುಳವೂ ಬರುವುದಿಲ್ಲ ಎಂದು ಅತ್ತೆ ಹೇಳಿದರು. ಬೇಸಿಗೆಯಲ್ಲಿ ಕಾಲುಭಾಗದಷ್ಟು ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದೆವು. ನನ್ನ ಬಾಯಿಂದಲೇ ಶುರುವಾದ ಕೆಲಸ ಅದು.

ಹಬ್ಬಕ್ಕೆಂದು ಅವತ್ತು ಮುಂಜಾನೆ ನನ್ನ ಗಂಡ ಮಣ್ಣು ಕಿತ್ತು ಕಲ್ಲು ಸರಿಸಿದ. ಜೋಳ ತೆಗೆಯುವುದು ಮರುದಿನಕ್ಕೆ ಎಂದು ಅತ್ತೆ ಮೊದಲೇ ಹೇಳಿದ್ದರು. ಹಗೇವು ತೆರೆದರೆ ಒಂದು ದಿನ ಬಾಯಿ ಬಿಟ್ಟಿಡಬೇಕು, ಇಳಿಯುವ ಮುನ್ನ ದೀಪ ಬಿಟ್ಟು ನೋಡಬೇಕು. ಇದನ್ನೆಲ್ಲ ಮಾವನವರು ಮಾಡುತ್ತಿದ್ದರು, ಅವರು ಹೋಗಿ ಹನ್ನೆರಡು ವರ್ಷ. ಒಂದು ದಿನ ಯಾಕೆ ಬಿಡಬೇಕು ಎಂದು ಗಂಡನನ್ನು ಕೇಳಿದ್ದಕ್ಕೆ, “ಒಳಗ ಕಾವು ಇರತೈತಿ, ಆರ್ಲಿ ಅಂತ” ಅಂದ. ದೀಪ ಯಾಕೆಂದು ನಾನು ಕೇಳಲೇ ಇಲ್ಲ. ಕತ್ತಲಿಗೆ ದೀಪ ಯಾಕೆಂದು ಯಾರು ಕೇಳುತ್ತಾರೆ?

ನಮ್ಮ ಮನೆಯ ನಾಯಿಯ ವರ್ತನೆ ಮಾತ್ರ ಮುಂಜಾನೆಯಿಂದ ಬೇರೆಯಾಗಿತ್ತು. ಕೆಂದು ಬಣ್ಣದ ಮುದಿ ನಾಯಿ, ಹಗೇವಿನ ಮೇಲೆ ಮೆತ್ತಿದ ಮಣ್ಣು ತಣ್ಣಗಿರುತ್ತದೆಂದು ದಿನಾ ಅದರ ಮೇಲೆಯೇ ಬಿದ್ದುಕೊಳ್ಳುತ್ತಿತ್ತು. ಕಲ್ಲು ಸರಿಸಿದ ಮೇಲೆ ಒಮ್ಮೆ ಬಂದು ಮೂಸಿತು, ಸೀನಿತು, ಹಿಂದೆ ಸರಿದು ಅಂಗಳಕ್ಕೆ ಹೋಯಿತು. ಮುರಿದ ಕರ್ಚಿಕಾಯಿ ತೋರಿಸಿ ಕರೆದರೂ ಒಳಗೆ ಕಾಲಿಡಲಿಲ್ಲ. “ಇವತ್ತ ಉಪವಾಸ ಮಾಡತಾನೇನೋ ಸ್ವಾಮಿ” ಎಂದು ನಾನು ಆಡಿಕೊಂಡೆ. ಅತ್ತೆ ನಗಲಿಲ್ಲ.

ಬೆಕ್ಕಿಗೆ ಯಾವ ಇಲಿ ಕಂಡಿತೋ ನನಗೆ ಗೊತ್ತಿಲ್ಲ. ಬೆಕ್ಕು ಅತ್ತೆಯ ತೊಡೆಯಿಂದ ಎದ್ದದ್ದು, ಪಡಸಾಲೆಯ ಗೋಡೆಗುಂಟ ಓಡಿದ್ದು ಕಂಡಿತು. ಆಮೇಲೆ ಜೋಳದ ಮೇಲೆ ಏನೋ ಮೆತ್ತಗೆ ಬಿದ್ದ ಸಪ್ಪಳ. ಹಗೇವಿನೊಳಗಿಂದ ಮ್ಯಾಂವ್ ಎಂದಿತು. ಇನ್ನೊಮ್ಮೆ ಎಂದಿತು. ಮೂರನೆಯದು ಅರ್ಧಕ್ಕೇ ನಿಂತಿತು. ಎಣ್ಣೆ ಚುರುಗುಡುವ ಸದ್ದಿನಲ್ಲಿ ನನಗೆ ಕೇಳಿಸದೇ ಹೋಯಿತೇನೋ ಎಂದು ಒಲೆ ಸಣ್ಣ ಮಾಡಿ ಕಿವಿಗೊಟ್ಟೆ. ಏನೂ ಇಲ್ಲ.

ಅತ್ತೆಗೆ ಆ ಬೆಕ್ಕೆಂದರೆ ಜೀವ. ಕಣ್ಣು ಹೋದ ಮೇಲೆ ಅದರ ಗುರುಗುರು ಕೇಳದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. “ಇಳದು ತಗೀಪಾ ಅದನ್ನ” ಎಂದು ಮಗನಿಗೆ ಹೇಳಿದರು. ಹೇಳಿದವರೇ ತಡೆದರು. “ತಡಿ, ದೀಪ ಬಿಟ್ಟು ನೋಡ್ರಿ ಮೊದಲ.”

ನಾಗಂದಿಗೆಯ ಮೇಲಿದ್ದ ಕಂದೀಲಿನಲ್ಲಿ ಒಂದು ಹನಿ ಎಣ್ಣೆಯಿರಲಿಲ್ಲ. ರೇಷನ್ನಿನಲ್ಲಿ ಚಿಮಣಿ ಎಣ್ಣೆ ಕೊಡುವುದು ನಿಂತು ಎಷ್ಟೋ ಕಾಲವಾಗಿತ್ತು. ಹೊಲಕ್ಕೆ ನೀರು ಬಿಡಲು ಹೋಗುವಾಗ ಒಯ್ಯುವ ದೊಡ್ಡ ಬ್ಯಾಟರಿ ಟಾರ್ಚನ್ನು ನಾನೇ ತಂದು ಕೊಟ್ಟೆ. ಗಂಡ ಅದಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟ. ನಾನೂ ಬಗ್ಗಿ ನೋಡಿದೆ. ಜೋಳ ಮುತ್ತು ಹರವಿದಂತೆ ಬೆಳ್ಳಗೆ ಹೊಳೆಯಿತು. ಅದರ ಮೇಲೆ ಬೆಕ್ಕು ಮಗ್ಗುಲಾಗಿ, ನಾಲ್ಕೂ ಕಾಲು ಚಾಚಿ ಮಲಗಿತ್ತು. ಪೆಟ್ಟಾಗಿ ಎಚ್ಚರ ತಪ್ಪಿದೆ ಎಂದು ಇಬ್ಬರೂ ತಿಳಿದೆವು.

“ದೀಪ ಹತ್ತೈತೇನ?” ಅತ್ತೆ ಕುಳಿತಲ್ಲಿಂದಲೇ ಕೇಳಿದರು.

“ಹೌದ್ರಿ ಅತ್ತಿ, ತಳದ ತನಕಾ ಚೊಲೊ ಹತ್ತೈತಿ” ಎಂದೆ ನಾನು.

“ಹತ್ತಿತ್ತಂದ್ರ ಇಳೀಲಿ.”

ಗಂಡನಿಗೆ ಆಗ ಹೊಟ್ಟೆ ಬಂದಿತ್ತು. ಹಗೇವಿನ ಬಾಯಲ್ಲಿ ಸಿಕ್ಕಿಕೊಂಡರೆ ಬೂಚಿನ ಹಾಗೆ ಎಳೆದು ತೆಗೆಯಬೇಕಾಗುತ್ತದೆ ಎಂದು ಚೇಷ್ಟೆ ಮಾಡಿ, ಅವನ ಬಗಲಿಗೆ ಹಗ್ಗ ಸುತ್ತಿ ಗಂಟು ಹಾಕಿದೆ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದೆ. ಅವನೂ ನಕ್ಕ. ಗೋಡೆಯ ಕಚ್ಚುಗಳಲ್ಲಿ ಕಾಲಿಟ್ಟು ಇಳಿಯತೊಡಗಿದ. ತಲೆ ಮರೆಯಾಗುತ್ತಲೇ ನಾನು ಒಲೆಯ ಕಡೆ ತಿರುಗಿದೆ, ಬಾಣಲೆಯಲ್ಲಿ ಕರ್ಚಿಕಾಯಿ ಕೆಂಪಾಗುತ್ತಿದ್ದವು.

ಅತ್ತೆ ಮಡಿಚುತ್ತಲೇ ಇದ್ದರು. ಸುಮ್ಮನೆ ಮಾತಿಗೆಂಬಂತೆ ಕೇಳಿದರು, “ಕಂದೀಲಿಗೆ ಚಿಮಣಿ ಎಣ್ಣಿ ಎಲ್ಲಿ ಸಿಕ್ತ ತಂಗಿ?”

“ಎಲ್ಲಿ ಎಣ್ಣೀರಿ? ಬ್ಯಾಟ್ರಿ ಬಿಟ್ಟೇವಿ.”

ಅವರ ಬೆರಳು ನಿಂತಿತು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೈಯಲಿಲ್ಲ, ಚೀರಲಿಲ್ಲ. “ಅವನ್ನ ಎಳಿ” ಅಂದರು. ನನಗೆ ತಿಳಿಯಲಿಲ್ಲ. “ಗಾಳಿ ಇಲ್ಲಂದ್ರ ಬೆಂಕಿ ಆರತೈತಿ, ಬ್ಯಾಟ್ರಿ ಆರತೈತೇನ? ಎಳೀ ಅವನ್ನ.”

ನಾನು ಹಗೇವಿನ ಬಾಯಿಗೆ ಬಿದ್ದು ಕೂಗಿದೆ. ಒಳಗಿನಿಂದ ನಿದ್ದೆಗಣ್ಣಿನಲ್ಲಿ ಓಗೊಟ್ಟಂತೆ “ಹ್ಞೂಂ” ಎಂದ. ಮತ್ತೆ ಕೂಗಿದಾಗ ಅದೂ ಬರಲಿಲ್ಲ. ಹಗ್ಗ ಒಮ್ಮೆಲೇ ಜಗ್ಗಿ ಬಿಗಿಯಾಯಿತು. ಬ್ಯಾಟರಿ ಮಾತ್ರ ಕೆಳಗೆ ನಿಗಿನಿಗಿ ಉರಿಯುತ್ತಲೇ ಇತ್ತು. ಅದರ ಬೆಳಕಿನಲ್ಲಿ ಗಂಡನ ತಲೆ ಎದೆಯ ಮೇಲೆ ಬಾಗಿದ್ದು ಕಂಡಿತು.

ನನ್ನ ಕೂಗಿಗೆ ಬಾಜು ಮನೆಯ ಕಾಕಾ ಓಡಿಬಂದರು. ನಾನು ಬಾಯಿಯ ಪಕ್ಕಕ್ಕೆ ಕಾಲು ಕೊಟ್ಟು ಎಳೆದೆ, ಕಾಕಾ ನನ್ನ ಹಿಂದೆ, ಎಪ್ಪತ್ತು ದಾಟಿದ ಅತ್ತೆ ಅವರ ಹಿಂದೆ ತಡಕಾಡಿ ಹಗ್ಗ ಹಿಡಿದರು. ತಲೆ ಬಂತು, ಹೆಗಲು ಬಂತು, ಹೊಟ್ಟೆ ನಿಜವಾಗಿಯೂ ಸಿಕ್ಕಿಕೊಂಡಿತು. ಆಗ ನಾನು ದೇವರಿಗೆ ಏನೇನು ಬೈದೆನೋ ನೆನಪಿಲ್ಲ. ಅಂಗಳಕ್ಕೆ ಎಳೆದುಕೊಂಡು ಹೋಗಿ ಮಲಗಿಸಿದೆವು. ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಕಾಕಾ ಎದೆ ತಿಕ್ಕಿದರು, ಕೆನ್ನೆ ಬಡಿದರು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ಬಿಟ್ಟವನೇ, “ಬೆಕ್ಕ ಬಂತೇನ?” ಎಂದು ಕೇಳಿದ. ನಾನು ಅಲ್ಲಿಯೇ ಕುಸಿದು ಅತ್ತುಬಿಟ್ಟೆ.

ಕರ್ಚಿಕಾಯಿ ಸುಟ್ಟು ಮನೆಯೆಲ್ಲ ಹೊಗೆ ತುಂಬಿತ್ತು. ಒಲೆ ಆರಿಸಿದ್ದು ಕಾಕಾ. ದವಾಖಾನೆಗೆ ಕರೆದೊಯ್ಯಲು ಗಾಡಿಗೆ ಕಾಯುತ್ತಿದ್ದಾಗ ಅವರು ದೇವರ ಜಗುಲಿಯಿಂದ ಒಂದು ಹಣತೆ ಹಚ್ಚಿ ತಂದರು. ಡಬ್ಬಿಯೊಳಗಿಟ್ಟು, ದಾರ ಕಟ್ಟಿ ಹಗೇವಿಗೆ ಇಳಿಸಿದರು. ಒಂದು ಮೊಳ ಇಳಿದಿತ್ತು. ಗಾಳಿ ಬೀಸಲಿಲ್ಲ, ಎಣ್ಣೆ ತುಳುಕಲಿಲ್ಲ. ಜ್ವಾಲೆ ತೆಳ್ಳಗಾಗಿ, ಬತ್ತಿ ಬಿಟ್ಟು ಮೇಲೆದ್ದಂತಾಗಿ, ಇಲ್ಲವಾಯಿತು. ಮತ್ತೆ ಹಚ್ಚಿ ಬಿಟ್ಟರು. ಅಲ್ಲಿಗೇ ಬಂದು ಮತ್ತೆ ಆರಿತು. ಅದರ ಕೆಳಗೆ ನಮ್ಮ ಬ್ಯಾಟರಿ ಬೆಕ್ಕಿನ ಹೆಣದ ಮೇಲೆ ಬೆಳಕು ಚೆಲ್ಲುತ್ತಾ ಇನ್ನೂ ಉರಿಯುತ್ತಿತ್ತು.

ಗಂಡ ಎರಡು ದಿನದಲ್ಲಿ ದವಾಖಾನೆಯಿಂದ ಬಂದ. ಬೆಕ್ಕನ್ನು ಕೊಕ್ಕೆ ಹಾಕಿ ತೆಗೆದು ಹಿತ್ತಲಲ್ಲಿ ಹೂಳಿದೆವು. ಅತ್ತೆ ಆ ಬಗ್ಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ತಿರುಗಿಸಿ ಆಡಿ ಹಗುರಾಗುತ್ತಿದ್ದೆ.

ಅವನು ಮನೆಗೆ ಬಂದ ಸಂಜೆ ನಾನು ದೇವರಿಗೆ ದೀಪ ಹಚ್ಚಿ, “ದೀಪ ಹಚ್ಚೇನ್ರಿ ಅತ್ತಿ, ಬರ್ರಿ” ಎಂದು ಕರೆದೆ. ಅವರು ಗೋಡೆ ಹಿಡಿದುಕೊಂಡು ಬಂದರು. ಕೈ ಮುಗಿಯುವ ಮೊದಲು ಅಂಗೈ ಚಾಚಿ ಜಗುಲಿಯ ಮೇಲೆ ಹುಡುಕಿದರು, ಜ್ವಾಲೆಯ ಮೇಲೆ ಹಿಡಿದು ನಿಂತರು. ಕೈ ಸುಟ್ಟ ಮೇಲೆಯೇ ಹಿಂದಕ್ಕೆ ತೆಗೆದರು. ಅಂದಿನಿಂದ ಇವತ್ತಿನವರೆಗೂ ದಿನಾ ಸಂಜೆ ಹಾಗೆಯೇ ಮಾಡುತ್ತಾರೆ, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ.