ಹೆಸರುಗಳ ನಡುವಿನ ಅಡ್ಡಗೀಟು

ಗೆಳೆಯರೇ, ಇವತ್ತು ಒಂದು ಅಡ್ಡಗೀಟಿಗಾಗಿ ಗಿರಾಕಿಯನ್ನೇ ಕಳೆದುಕೊಳ್ಳಲು ತಯಾರಾಗಿದ್ದೆ.

ಹಗರಿಬೊಮ್ಮನಹಳ್ಳಿಯ ನನ್ನ ಡಿಟಿಪಿ ಅಂಗಡಿಗೆ ಹೊಳಲಿನಿಂದ ಮದುಮಗನ ಸೋದರಮಾವ ಬಂದರು, ಜೊತೆಗೆ ಅವರ ಹೆಂಡತಿ. ನಿನ್ನೆ ಒಯ್ದಿದ್ದ ಲಗ್ನಪತ್ರಿಕೆಯ ಪ್ರೂಫನ್ನು ಟೇಬಲ್ಲಿಗೆ ಬಡಿದು, ವಧೂವರರ ಹೆಸರುಗಳ ನಡುವೆ ಬೆರಳಿಟ್ಟರು.

"ಈ ಗೀಟಿನ ಎರಡೂ ಕಡಿ ಯಾಕ ಜಾಗ ಬಿಟ್ಟೀರಿ? ಲಗ್ನಕ್ಕ ಮೊದಲ ಗಂಡ ಹೆಂಡ್ತಿನ ದೂರ ಮಾಡೀರಲ್ರಿ! ಕೂಡಿಸ್ರಿ."

ನಾನು ಬಗ್ಗಲಿಲ್ಲ. "ಕೂಡಿಸಂಗಿಲ್ರಿ. ಹೆಸರು ಗೀಟಿಗೆ ಅಂಟಿಕೊಂಡ್ರ ಓದಾಕ ಬರಂಗಿಲ್ಲ. ಬೇಕಿದ್ರ ಫ್ಲಾಪಿ ಕೊಡ್ತೀನಿ, ಬ್ಯಾರೆ ಕಡಿ ಮಾಡಿಸ್ಕಳ್ರಿ."

ಅವರು ಫ್ಲಾಪಿಗೆ ಕೈ ಚಾಚಿಯೇಬಿಟ್ಟರು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಹೆಂಡತಿ ಗಂಡನಿಗೆ ಹೇಳಿದರು: "ಏನೂ ತಿದ್ದಿಸಬ್ಯಾಡ್ರಿ. ಅದ ಮೊದಲ್ನೇ ಪತ್ರಿಕಿ ಅನ್ಕಂಡು ಮುಂಜಾನಿ ನಾಕೂ ಮೂಲಿಗೆ ಅರಿಶಿಣ ಹಚ್ಚಿ ದೇವರ ಮುಂದ ಇಟ್ಟೀನಿ."

ನೋಡಿದರೆ ಹೌದು, ಪ್ರೂಫಿನ ಮೂಲೆಗಳೆಲ್ಲ ಹಳದಿ. ದೇವರೇ ಒಪ್ಪಿದ ಮೇಲೆ ಸೋದರಮಾವ ಇನ್ನೇನು ತಿದ್ದಿಯಾರು? ಚಾ ತರಿಸಿದೆ. ಅವರೂ ಹೋಗಿ ಬೆಂಚಿನ ಮೇಲೆ ಕೂತರು. ಅವರು ಈ ತುದಿ, ಹೆಂಡತಿ ಆ ತುದಿ. ನಡುವೆ ಒಂದು ಕೈಚೀಲ, ಚೀಲದ ಎರಡೂ ಕಡೆ ಒಂದೊಂದು ಗೇಣು ಖಾಲಿ ಜಾಗ. ಮದುವೆಯಾಗಿ ಮೂವತ್ತು ವರ್ಷವಂತೆ.

ಕೂಡಿ ಕೂತ್ಕಳ್ರಿ ಅಂತ ನಾನೇನಾದರೂ ಹೇಳಿದೆನೇ?