ಉಜ್ಜಿದಷ್ಟೂ ಬಣ್ಣ

ಆಂಬುಲೆನ್ಸುಗಳ ನೆತ್ತಿ ಕೊರೆದು ರೇಡಿಯೋ ಆಂಟೆನಾ ಕೂರಿಸುವುದರಲ್ಲೇ ಮೇಸ್ತ್ರಿಯ ಹದಿನೆಂಟು ವರ್ಷ ಕಳೆದಿತ್ತು. ತೂತಿನ ಸುತ್ತ ಬಣ್ಣ ಉಜ್ಜಿ ತೆಗೆದು ಬರೀ ತಗಡು ಕಾಣುವಂತೆ ಮಾಡಬೇಕು. ಇಲ್ಲದಿದ್ದರೆ ಆಂಟೆನಾ ತಗಡಿಗೆ ತಾಗದೆ ರೇಡಿಯೋ ಕರಕರ ಅನ್ನುತ್ತದೆ. ಅದೇ ಶೆಡ್ಡಿನಲ್ಲಿ ಬಣ್ಣ ಹೊಡೆಯುವ ಅವನ ಭಾಮೈದನಿಗೋ ಬರೀ ತಗಡು ಕಂಡರೆ ಕೈ ಸುಮ್ಮನಿರದು. ಮೇಸ್ತ್ರಿ ಕಾಫಿ ಕುಡಿದು ಬರುವಷ್ಟರಲ್ಲಿ ಅಲ್ಲಿ ನುಣ್ಣಗೆ ಬಣ್ಣ ಬಿದ್ದಿರುತ್ತಿತ್ತು.

“ಎಷ್ಟು ಸಲ ಬಡ್ಕೊಳ್ಳೋದೋ ನಿಂಗೆ?”

“ತುಕ್ಕು ಹಿಡಿಯುತ್ತೆ ಭಾವ!”

ಇವತ್ತು ಮೂರನೇ ಸಲ ಉಜ್ಜಿ ರೋಸಿಹೋದ ಮೇಸ್ತ್ರಿ, ತೂತಿನ ಪಕ್ಕದಲ್ಲೇ ‘ಇಲ್ಲಿ ಬಣ್ಣ ಹೊಡೀಬೇಡ’ ಎಂದು ಮಾರ್ಕರಿನಲ್ಲಿ ದಪ್ಪಗೆ ಬರೆದು ಊಟಕ್ಕೆ ಹೋದ. ಬಂದು ನೋಡಿದರೆ ಬರಹವೇ ಇಲ್ಲ.

“ಯಾರೋ ಗೀಚಿ ಹೋಗಿದ್ರು ಭಾವ,” ಎಂದ ಭಾಮೈದ, ಬ್ರಷ್ಷು ತೊಳೆಯುತ್ತಾ. “ಇಡೀ ಟಾಪಿಗೇ ಇನ್ನೊಂದು ಕೋಟ್ ಹೊಡೆದ್ಬಿಟ್ಟೆ.”