ಅಕ್ಕನಿಗೆ ಒಯ್ದ ಹಾಲು

ಮಡ್ಕಯಿಯ ನಮ್ಮ ಕಾರ್ಖಾನೆಯವರು ಈ ವರ್ಷ ಒಂದು ದಿನದ ಪ್ರವಾಸ ಇಟ್ಟಿದ್ದರು. ಕಾಡು, ಹಳೆಯ ಕೋಟೆ, ಕೊನೆಗೆ ಸಮುದ್ರದಂಡೆಯ ಉಸುಕಿನ ದಿಬ್ಬಗಳು. ತೋರಿಸಲು ಒಬ್ಬ ಗೈಡು. ಮನೆಯವರನ್ನೂ ಕರೆತರಬಹುದು ಎಂದಿದ್ದರು. ನಮ್ಮ ಮನೆಯಿರುವ ಮಂಗೋರ್ ಹಿಲ್ ಇಳಿದು ಸಂತೆಗೆ ಹೋಗಲಿಕ್ಕೂ ಮೊಣಕಾಲು ನೋವು ಎನ್ನುವ ಅವ್ವ, ದಂಡೆಯ ಹೆಸರು ಕಿವಿಗೆ ಬಿದ್ದದ್ದೇ ತಡ, "ನಾನೂ ಬರ್ತೇನಿ" ಎಂದಳು.

ಬೆಳಿಗ್ಗೆ ನೋಡಿದರೆ ಅವಳ ಕೈಯಲ್ಲೊಂದು ನೀರಿನ ಬಾಟಲಿ, ಅದರ ತುಂಬ ಹಾಲು.

"ದಾರ್‍ಯಾಗ ಚಾ ಅಂಗಡಿ ಇಡಾಕ ಹೊಂಟೀಯೇನ?" ಎಂದು ಗದರಿದೆ. ನನ್ನ ನಾಲಿಗೆಯೇ ಹಾಗೆ. ಅವಳು ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದಳು. ಬಸ್ಸು ಹೊರಟ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ನಿನಗೊಬ್ಬಾಕಿ ಅಕ್ಕ ಇದ್ಲು. ಮೂರು ತಿಂಗಳ ಕೂಸು. ಆ ದಂಡಿ ಮ್ಯಾಲ ಮಣ್ಣು ಮಾಡೇವಿ."

ಅಪ್ಪ, ಅವ್ವ ವಿಜಯಪುರದ ಕಡೆಯಿಂದ ಬಂದ ಹೊಸದರಲ್ಲಿ ಅಲ್ಲಿ ಕೂಲಿ ಮಾಡುತ್ತಿದ್ದರಂತೆ. ಎರಡು ದಿನದ ಜ್ವರಕ್ಕೆ ಕೂಸು ಹೋಯಿತು. ದಿಬ್ಬದ ಮೇಲಿನ ದೊಡ್ಡ ಕೇದಗೆ ಪೊದೆಯ ಬುಡದಲ್ಲಿ ಹೂತರು. ಮೂರನೆಯ ದಿನ ಅಲ್ಲಿ ಹಾಲು ಬಿಡಬೇಕಿತ್ತು. ಆದರೆ ಹೂತ ಮರುದಿನವೇ ಕೂಲಿಯವರ ಮೇಸ್ತ್ರಿ, ಮುಕಾದಮ, ಎಲ್ಲರನ್ನೂ ಬೇರೆ ಕೆಲಸಕ್ಕೆ ಸಾಗಿಸಿದ. ಬಿಡದೆ ಉಳಿದ ಆ ಹಾಲನ್ನು ಅವಳು ಈಗ, ಅಪ್ಪನೂ ಹೋದ ಮೇಲೆ, ತಂದಿದ್ದಳು. ನಲವತ್ತು ದಾಟಿದ ನನಗೆ ಅಕ್ಕನೊಬ್ಬಳಿದ್ದದ್ದು ಅವತ್ತೇ ಗೊತ್ತಾದದ್ದು. ಸಿಟ್ಟು ಬಂತು, ಅಳುವೂ ಬಂತು.

ಹಾಲು ಕೆಡುತ್ತದೆ, ಮೊದಲು ದಂಡೆಗೆ ಹೋಗೋಣ ಎಂದು ಗೈಡನ್ನು ಕೇಳಿದೆ. ಸಂಜೆಯಾದರೆ ಫೋಟೊ ಚೆನ್ನಾಗಿ ಬರುತ್ತದೆ ಎಂದ. ಕಾಡಿನಲ್ಲಿ ಅವ್ವ ಬಾಟಲಿಗೆ ಒದ್ದೆ ಸೆರಗು ಸುತ್ತಿಕೊಂಡು ನಡೆದಳು. ಕೋಟೆಯಲ್ಲಿ ಅವನು ಎಂದೋ ಸತ್ತ ಪೋರ್ಚುಗೀಸ್ ಸಿಪಾಯಿಗಳ ಕಥೆಯನ್ನು ಒಂದೂ ಬಿಡದೆ ಹೇಳಿದ. ನನಗೆ ಅವನ ಬಾಯಿ ಮುಚ್ಚಿಸಬೇಕೆನಿಸಿತು.

ದಂಡೆ ಮುಟ್ಟುವಾಗ ಹಾಲು ಒಡೆದಿತ್ತು. ಅವ್ವನನ್ನು ನೆರಳಿಗೆ ಕೂರಿಸಿ, ದೊಡ್ಡ ಕೇದಗೆ ಇದ್ದ ದಿಬ್ಬ ಯಾವುದೆಂದು ಗೈಡನ್ನು ಕೇಳಿದೆ. ಹೋಟೆಲುಗಳ ಕಡೆ ಕೈ ತೋರಿಸಿದ. ಅಲ್ಲಿದ್ದ ಎತ್ತರದ ದಿಬ್ಬವನ್ನು ಎಂದೋ ಕಟ್ಟಡಗಳಿಗೆಂದು ಲಾರಿಗಟ್ಟಲೆ ಸಾಗಿಸಿದರು, ಈಗ ಉಳಿದಿರುವುದು ಇಷ್ಟೇ ಎಂದ.

ಇದನ್ನು ಅವ್ವನಿಗೆ ಹೇಗೆ ಹೇಳುವುದು? ಹತ್ತಿರದ ಒಂದು ಸಣ್ಣ ಕೇದಗೆ ತೋರಿಸಿ, "ಇದ ಅಂತ ನೋಡವ್ವಾ" ಎಂದೆ. ಅವಳು ಸುತ್ತಲೂ ಒಮ್ಮೆ ನೋಡಿದಳು. ಕುಕ್ಕರುಗಾಲಲ್ಲಿ ಕೂತು, ಒಡೆದ ಹಾಲನ್ನೇ ನಿಧಾನಕ್ಕೆ ಬುಡಕ್ಕೆ ಬಿಟ್ಟಳು. ಉಸುಕು ಅದನ್ನು ಕುಡಿಯುವವರೆಗೂ ಏಳಲಿಲ್ಲ.

ವಾಸ್ಕೋಗೆ ಮರಳುವ ದಾರಿಯಲ್ಲಿ ಬಸ್ಸಿನವರೆಲ್ಲ ಹಾಡುತ್ತಿದ್ದರು. ಅವ್ವ ನನ್ನ ಕಿವಿಯ ಹತ್ತಿರ ಬಂದಳು.

"ಅದು ಆ ಜಾಗ ಅಲ್ಲ, ನನಗ ಗೊತ್ತೈತಿ. ಆ ದಿಬ್ಬದ ಉಸುಕು ಲಾರಿಗೆ ತುಂಬೂದ ನಮ್ಮ ಕೂಲಿ ಇತ್ತು. ಹೋಗೂ ದಿನ ಮುಕಾದಮನ ಕಾಲು ಹಿಡಿದು, ಕ್ಯಾದಗಿ ಬುಡ ಒಂದು ಬಿಡ್ರಿ ಅಂದಿದ್ದೆ. ಬಿಡ್ತೇನಿ ಅಂದಿದ್ದ. ಬಿಟ್ಟಾನ ಅಂತ ಇಷ್ಟು ವರ್ಷ ತಿಳಕೊಂಡಿದ್ದೆ."